ಮೂರನೆಯ ತರಗತಿಯ ಇಂಗ್ಲಿಷ್ ಓದು

ಜಮಖಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು, ಅಮೆರಿಕದ ಬಹುಪಾಲು ರಾಜ್ಯಗಳು 2010ರಿಂದೀಚೆಗೆ ಅಳವಡಿಸಿಕೊಂಡ ‘ಕಾಮನ್ ಕೋರ್’ ಎಂಬ ಶಾಲಾ ಕಲಿಕೆಯ ಮಾನದಂಡಗಳನ್ನು ಬೇಸಿಗೆ ರಜೆಯಲ್ಲಿ ಓದಿದೆ. ಮೂರನೆಯ ತರಗತಿಯ ಮಗು ಪಾಠದ ಬಗ್ಗೆ ತಾನೇ ಪ್ರಶ್ನೆ ಕೇಳಬೇಕು, ಉತ್ತರಕ್ಕೆ ಆಧಾರವನ್ನು ಪಾಠದೊಳಗಿಂದಲೇ ತೋರಿಸಬೇಕು ಎಂಬ ಅಲ್ಲಿನ ಅಂಶ ನನ್ನನ್ನು ಬಹಳ ದಿನ ಕಾಡಿತು. ನಮ್ಮಲ್ಲಿ 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಎಂಬ ಕೇಂದ್ರ ಸರ್ಕಾರದ ಓದು-ಬರಹ-ಲೆಕ್ಕದ ಕಲಿಕಾ ಯೋಜನೆ ಅದೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದುವ ಗುರಿಯಿಟ್ಟಿದೆ. ಆದರೆ ಪದಗಳನ್ನು ಎಣಿಸುವ ಭರದಲ್ಲಿ ಅರ್ಥವನ್ನು ಕೇಳುವುದನ್ನೇ ನಾನು ಮರೆತಿದ್ದೆ.

ಈ ವರ್ಷ ಕಬ್ಬಿನ ಗಾಡಿಯ ಪುಟ್ಟ ಇಂಗ್ಲಿಷ್ ಕಥೆಯೊಂದನ್ನು ಓದಿಸಿ, ಎತ್ತುಗಳು ಏಕೆ ನಿಂತವು ಎಂದು ಕೇಳಿದೆ. ಹುಡುಗಿಯೊಬ್ಬಳು ಸರಿಯಾದ ವಾಕ್ಯದ ಮೇಲೆ ಬೆರಳಿಟ್ಟು, “ಗಾಲಿ ಕೆಸರಾಗ ಸಿಕ್ಕೈತ್ರೀ ಸರ್” ಎಂದಳು. ಅವಳು ಕನ್ನಡದಲ್ಲಿ ಉತ್ತರಿಸಿದರೂ ಪೂರ್ಣ ಅಂಕ ಕೊಟ್ಟೆ.