ಮೆಷಿನ್ ತಗೊಳ್ಳೋ ಮುಂಚೆ ಒಂದ್ಸಲ ಮಾಳಿಗೆ ಹತ್ತಿ

ಯಾವ ವಾಷಿಂಗ್ ಮೆಷಿನ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಕಂಪನಿ ಹೆಸರು ಹೇಳುವುದಿಲ್ಲ. ನಿಮ್ಮ ಮನೆ ಸಿಂಟೆಕ್ಸ್ ಎಲ್ಲಿದೆ, ನೀರು ಬೋರಿಂದಾ ಕಾರ್ಪೊರೇಷನ್ನಿಂದಾ, ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ ಅಂತ ಅವರನ್ನೇ ಕೇಳುತ್ತೇನೆ. ಪಾಪ, ಅವರು ಬಂದಿರುವುದು ಆಫರ್ ಬಗ್ಗೆ ಮಾತಾಡಲಿಕ್ಕೆ. ಆದರೆ ದಾವಣಗೆರೆಯಲ್ಲಿ ಮೆಷಿನ್ ಸರಿಯಾಗಿ ನಡೆಯುವುದೂ ಕೆಡುವುದೂ ಮುಕ್ಕಾಲು ಪಾಲು ನೀರಿನ ಮೇಲೇ ನಿಂತಿದೆ, ಮೇಲಿನ ಡಿಸ್‌ಪ್ಲೇ ಮೇಲಲ್ಲ.

ಮೊನ್ನೆ ನಮ್ಮ ಅತ್ತಿಗೆ ನಿಟುವಳ್ಳಿ ಕಡೆ ಮೊದಲನೇ ಮಹಡಿಯ ಬಾಡಿಗೆ ಮನೆಗೆ ಬಂದರು. ಮೆಷಿನ್ ನೋಡಲಿಕ್ಕೆ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿ ಹುಡುಗ ಒಳ್ಳೆಯವನು, ಮಾತಾಡುವುದು ಜಾಸ್ತಿ. "ಇದ್ರಾಗೆ ವೈಫೈ ಐತ್ರಿ ಅಕ್ಕಾರೆ, ಫೋನಿಂದಾನೇ ಆನ್ ಮಾಡಬಹುದು" ಅಂದ. ಅತ್ತಿಗೆ, "ಬಟ್ಟೆನೂ ಫೋನೇ ಹಾಕುತ್ತದೇನಪ್ಪಾ?" ಅಂದರು. ಅವನೂ ನಕ್ಕ. ನಾನು ಕೇಳಿದ್ದು ಒಂದೇ: ಮುಂದಿನಿಂದ ಬಟ್ಟೆ ಹಾಕುವ ಈ ಫ್ರಂಟ್ ಲೋಡಿಗೆ ಕನಿಷ್ಠ ಎಷ್ಟು ನೀರಿನ ಒತ್ತಡ ಬೇಕು? ಅದು ಅವನಿಗೆ ಗೊತ್ತಿರಲಿಲ್ಲ. ಡಬ್ಬದಲ್ಲಿದ್ದ ಪುಸ್ತಕ ತೆಗೆಸಿ ನೋಡಿದರೆ 0.3 ಬಾರ್ ಅಂತ ಇತ್ತು. ಬಾರ್ ಅಂದರೆ ಒತ್ತಡದ ಅಳತೆ.

ಈ ಲೆಕ್ಕ ಕಷ್ಟದ್ದೇನಲ್ಲ. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಗೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಅಂದರೆ 0.3 ಬಾರ್ ಬೇಕಾದರೆ ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟ ಮೂರು ಮೀಟರ್, ಹತ್ತು ಅಡಿ ಮೇಲಿರಬೇಕು. ಅತ್ತಿಗೆ ಮನೆಯಲ್ಲಿ ಸಿಂಟೆಕ್ಸ್ ಕೂರಿಸಿರುವುದು ನೇರವಾಗಿ ಮಾಳಿಗೆ ಮೇಲೆ, ಕೆಳಗೆ ಎರಡು ವರಸೆ ಇಟ್ಟಿಗೆ ಅಷ್ಟೇ. ನಲ್ಲಿ ನೆಲದಿಂದ ನಾಲ್ಕಡಿ ಎತ್ತರದಲ್ಲಿದೆ. ಟ್ಯಾಂಕು ಅರ್ಧ ಖಾಲಿಯಾದಾಗ ನೀರಿಗೂ ನಲ್ಲಿಗೂ ನಡುವೆ ಎಂಟು, ಎಂಟೂವರೆ ಅಡಿ ಉಳಿಯುತ್ತದೆ. ಸಾಕಾಗುವುದಿಲ್ಲ. ಮೆಷಿನ್ ನೀರಿಗೆ ಕಾದು ಕಾದು ಎರರ್ ತೋರಿಸಿ ನಿಂತುಬಿಡುತ್ತದೆ, ನೀವು ಸರ್ವಿಸ್‌ನವರಿಗೆ ಫೋನ್ ಮಾಡುತ್ತೀರಿ, ಅವರು ಬಂದು "ಮೆಷಿನ್ ಸರಿ ಐತ್ರಿ, ನಿಮ್ಮ ನೀರೇ ಸರಿ ಇಲ್ಲ" ಅಂತ ಹೇಳಿ ದುಡ್ಡು ತಗೊಂಡು ಹೋಗುತ್ತಾರೆ. ಅದೇ ಕಟ್ಟಡದ ಕೆಳಗಿನ ಮನೆಯವರಿಗೆ ಇದರ ಚಿಂತೆಯೇ ಇಲ್ಲ, ಅವರಿಗೆ ಇನ್ನೊಂದು ಮಹಡಿಯ ಎತ್ತರ ಪುಕ್ಕಟೆ ಸಿಗುತ್ತದೆ.

ಪ್ರೆಷರ್ ಪಂಪ್ ಹಾಕಿಸಿಕೊಳ್ಳಬಹುದು, ನಿಜ. ಸ್ವಂತ ಮನೆಯಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬಾಡಿಗೆ ಮನೆಯಲ್ಲಿ ಓನರ್ ಪೈಪಿಗೆ ಕೈ ಹಾಕಲು ಯಾರು ಬಿಡುತ್ತಾರೆ? ಕೊನೆಗೆ ಅತ್ತಿಗೆ ಸೆಮಿ ಆಟೊಮ್ಯಾಟಿಕ್ ತಗೊಂಡರು. ಒಂದು ಕಡೆ ಒಗೆಯುವ ತೊಟ್ಟಿ, ಇನ್ನೊಂದು ಕಡೆ ನೀರು ಹಿಂಡುವ ಡ್ರೈಯರ್. ಇದಕ್ಕೆ ಒತ್ತಡದ ಹಂಗಿಲ್ಲ, ಪೈಪ್ ಬಿಟ್ಟರೂ ಆಯ್ತು, ಬಕೆಟ್‌ನಿಂದ ಸುರಿದರೂ ಆಯ್ತು. ಬಿಳಿ ಬಟ್ಟೆ ಒಗೆದ ಸೋಪಿನ ನೀರಿಗೇ ಮಕ್ಕಳ ಬಟ್ಟೆ, ಆಮೇಲೆ ಕಾಲೊರೆಸುವ ಬಟ್ಟೆ ಹಾಕಬಹುದು. ನೀರು ಬಿಡದ ದಿನ ಇದರ ಬೆಲೆ ಗೊತ್ತಾಗುತ್ತದೆ. ಪಕ್ಕದಲ್ಲಿ ನಿಲ್ಲಬೇಕು, ಒದ್ದೆ ಬಟ್ಟೆ ಎತ್ತಿ ಆ ಕಡೆ ಹಾಕಬೇಕು, ಸೊಂಟ ನೋವಿರುವವರಿಗೆ ಅದೊಂದು ತ್ರಾಸು. ಆದರೂ ಸೆಮಿ ಅಂದರೆ ಬಡವರ ಮೆಷಿನ್ ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒತ್ತಡ ಚೆನ್ನಾಗಿದ್ದರೆ ನನ್ನ ಓಟು ಫ್ರಂಟ್ ಲೋಡಿಗೇ. ಮೇಲಿಂದ ಬಟ್ಟೆ ಹಾಕುವ ಟಾಪ್ ಲೋಡಿಗಿಂತ ನೀರು ಬಹಳ ಕಡಿಮೆ ಸಾಕು. ಡ್ರಮ್ಮು ಬಟ್ಟೆಯನ್ನು ಮೇಲೆತ್ತಿ ಬೀಳಿಸುತ್ತಾ ಒಗೆಯುವುದರಿಂದ ಸೀರೆ, ದುಪ್ಪಟ್ಟಾ ಹಗ್ಗ ಹೊಸೆದಂತೆ ಸುತ್ತಿಕೊಳ್ಳುವುದೂ ಕಡಿಮೆ. ಬಗ್ಗಲಾರದವರಿಗೆ ಟಾಪ್ ಲೋಡ್ ಒಳ್ಳೆಯದು. ಆದರೆ ಕುಳ್ಳಗಿರುವವರು ಅಂಗಡಿಯಲ್ಲೇ ಒಮ್ಮೆ ಒಳಗೆ ಕೈ ಹಾಕಿ, ತಳ ಸಿಗುತ್ತಾ ಅಂತ ನೋಡಿಬಿಡಿ. ನಮ್ಮ ಚಿಕ್ಕಮ್ಮ ತಳದ ಕಾಲ್ಚೀಲ ತೆಗೆಯಲು ಸ್ಟೂಲ್ ಹತ್ತುತ್ತಾರೆ.

ಸೈಜಿನ ವಿಷಯದಲ್ಲಿ ಸುಮ್ನೆ ದೊಡ್ಡದಕ್ಕೆ ಹೋಗುತ್ತಾರೆ. ಏಳು ಕೆಜಿ ಅಂದರೆ ಒಣ ಬಟ್ಟೆಯ ತೂಕ. ಶರ್ಟು ಕಾಲು ಕೆಜಿ, ಜೀನ್ಸ್ ಪ್ಯಾಂಟು ಮುಕ್ಕಾಲು ಕೆಜಿ ಅಂತ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ ಏಳು ಸಾಕು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬರುತ್ತಾರೆ, ಹಾಸಿಗೆ ಹೊದಿಕೆ ರಾಶಿ ಬೀಳುತ್ತದೆ, ಒಪ್ಪುತ್ತೇನೆ. ಅದಕ್ಕಂತ ಹತ್ತು ಕೆಜಿಯದು ತಂದರೆ ಉಳಿದ ದಿನವೆಲ್ಲ ಅರ್ಧ ಖಾಲಿ ಓಡಿಸುತ್ತೀರಿ. ಎಷ್ಟು ತುಂಬಬೇಕು ಅಂದರೆ, ಬಟ್ಟೆ ಹಾಕಿದ ಮೇಲೆ ಡ್ರಮ್ಮಿನ ಮೇಲ್ಭಾಗದಲ್ಲಿ ಅಂಗೈ ನೆಟ್ಟಗೆ ನಿಲ್ಲುವಷ್ಟು ಜಾಗ ಉಳಿಯಬೇಕು. ಒತ್ತಿ ತುರುಕಿದರೆ ಬಟ್ಟೆ ನೆನೆಯುತ್ತದೆ, ಕೊಳೆ ಹೋಗುವುದಿಲ್ಲ.

ಇನ್ನು ಗಡಸು ನೀರು. ರಾಜನಹಳ್ಳಿ ಹತ್ತಿರ ತುಂಗಭದ್ರಾ ಹೊಳೆಯಿಂದ ಬರುವ ನೀರಿಗೂ ಬೋರ್ ನೀರಿಗೂ ಇರುವ ವ್ಯತ್ಯಾಸ ಇಲ್ಲಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೋರ್ ನೀರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಕೆಟ್ ಒಳಗೆ ಸುಣ್ಣ ಹಚ್ಚಿದ ಹಾಗೆ ಬಿಳಿ ಪದರ ಕೂರುತ್ತದೆ. ನೀರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದಕ್ಕೆ ಕಾರಣ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಅಂತಿದೆ, ಬೇರೆ ದಾರಿಯೇ ಇಲ್ಲದಿದ್ದರೆ 600ರ ತನಕ ಒಪ್ಪುತ್ತಾರೆ. ಅದ್ದಿ ನೋಡುವ ಪಟ್ಟಿಗಳು ಆನ್‌ಲೈನಲ್ಲಿ ಸಿಗುತ್ತವೆ, ಮೆಷಿನ್‌ಗೆ ಅಷ್ಟು ದುಡ್ಡು ಹಾಕುವ ಮುಂಚೆ ಒಮ್ಮೆ ಅದ್ದಿ ನೋಡಿ.

ಬಕೆಟ್ ಮೇಲೆ ಕೂರುವ ಆ ಪದರವೇ ಮೆಷಿನ್ ಒಳಗಿನ ಹೀಟರ್ ಕಾಯಿಲ್ ಮೇಲೂ ಕೂರುತ್ತದೆ, ಅಲ್ಲಿ ಇನ್ನೂ ಬೇಗ, ಯಾಕಂದರೆ ಬಿಸಿಗೆ ಅದು ಗಟ್ಟಿಯಾಗಿ ಅಂಟುತ್ತದೆ. ಕಾಯಿಲ್ ಸುತ್ತ ಕಲ್ಲು ಕಟ್ಟಿದರೆ ನೀರು ಕಾಯಲು ಹೊತ್ತು ಹಿಡಿಯುತ್ತದೆ, ಕೊನೆಗೆ ಕಾಯಿಲ್ಲೇ ಸುಟ್ಟು ಹೋಗುತ್ತದೆ. ಬೋರ್ ನೀರಿನ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಆ ಪದರ ಕರಗಿಸುವ ಡಿಸ್ಕೇಲಿಂಗ್ ಪುಡಿ ಹಾಕಿ ಖಾಲಿ ಮೆಷಿನ್ ಬಿಸಿ ನೀರಲ್ಲಿ ಓಡಿಸಬೇಕು. ಆಸಿಡ್ ಜಾತಿಯ ಪುಡಿ ಇರುತ್ತದೆ, ಅದರ ಜೊತೆ ಬ್ಲೀಚ್ ಮಾತ್ರ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಬಿಸಿ ನೀರಿನ ಮಾತು ಬಂತು. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಕಪ್ಪು ಸಿಂಟೆಕ್ಸಿನಲ್ಲಿ ಬಿಸಿಲೇ ನೀರು ಕಾಯಿಸಿಟ್ಟಿರುತ್ತದೆ. ಆ ಹೊತ್ತಲ್ಲಿ ಹಾಸಿಗೆ ಬಟ್ಟೆ, ಟವೆಲು ಹಾಕಿ ಪ್ರೋಗ್ರಾಮ್ ಕೋಲ್ಡಿಗೆ ಇಟ್ಟರೆ ಮುಗೀತು. ಹೀಟರ್ ಹೊತ್ತಿದರೆ 2000 ವಾಟ್ ಆಸುಪಾಸು ಎಳೆಯುತ್ತದೆ, ಮೋಟರ್ ತಿನ್ನುವ ಕರೆಂಟು ಅದರ ಮುಂದೆ ಏನೂ ಅಲ್ಲ. ಇಳಕಲ್ ಸೀರೆ ಮಾತ್ರ ಆ ನೀರಿಗೆ ಹಾಕಬೇಡಿ. ಅಸಲಿಗೆ ಮೆಷಿನ್‌ಗೇ ಹಾಕಬೇಡಿ.

ಒಣಗಿಸುವ ಹೀಟರ್ ಇರುವ ಮೆಷಿನ್ ನಮ್ಮೂರಿಗೆ ಬೇಡವೇ ಬೇಡ. ಮಾಳಿಗೆ ಮೇಲೆ ಹಾಕಿ ಕೆಳಗಿಳಿದು ಚಾ ಕುಡಿದು ಬರುವಷ್ಟರಲ್ಲಿ ತೆಳು ಬಟ್ಟೆ ಒಣಗಿರುತ್ತದೆ. ಆಷಾಢದ ಗಾಳಿಗೆ ಗಟ್ಟಿ ಕ್ಲಿಪ್ಪು ಕೊಳ್ಳಿ, ಅಷ್ಟೇ.

ಮಗನ ಯೂನಿಫಾರ್ಮ್ ಮೇಲೆ ಒಗ್ಗರಣೆ ಮಂಡಕ್ಕಿ ಚೆಲ್ಲಿದ ಕಲೆಗೆ ಮೆಷಿನ್ ಎಷ್ಟೇ ದುಬಾರಿಯಾದರೂ ಜಗ್ಗುವುದಿಲ್ಲ. ಅದರಲ್ಲಿ ಎಣ್ಣೆಯೂ ಇದೆ, ಅರಿಶಿನವೂ ಇದೆ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಉಜ್ಜಿ ಎಣ್ಣೆ ಬಿಡಿಸಿ. ಆಮೇಲೆ ಸೋಪು ತಾಗಿದ ಕೂಡಲೇ ಹಳದಿ ಕಲೆ ಕೆಂಪಗಾಗುತ್ತದೆ, ಗಾಬರಿ ಬೀಳಬೇಡಿ, ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೇ ಆಡುವುದು. ಚೆನ್ನಾಗಿ ಜಾಲಿಸಿ ಕಲೆ ಮೇಲೆ ಬರುವಂತೆ ಬಿಸಿಲಿಗೆ ಹಾಕಿ. ಸೂರ್ಯನ ಬೆಳಕಿಗೆ ಅರಿಶಿನದ ಬಣ್ಣ ನಿಲ್ಲುವುದಿಲ್ಲ. ಕಾಲರ್ ಕೊಳೆಗೂ ಕೈಯಲ್ಲೇ ಒಂದು ಉಜ್ಜು ಬೇಕು.

ಪುಡಿ ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಬೆಳ್ಳಗಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಫ್ರಂಟ್ ಲೋಡಿನಲ್ಲಿ ನೊರೆ ತುಂಬಿದರೆ ಬಟ್ಟೆ ಮೇಲಿಂದ ಬೀಳುವ ಹೊಡೆತವೇ ಸಿಗುವುದಿಲ್ಲ, ನೊರೆ ಮೇಲೆ ತೇಲುತ್ತಾ ಕೂರುತ್ತದೆ. ಅದಕ್ಕೇ ಫ್ರಂಟ್ ಲೋಡಿಗೆ ನೊರೆ ಕಡಿಮೆ ಬರುವ ಬೇರೆ ಪುಡಿ ಮಾಡಿರುವುದು. ಗಡಸು ನೀರಿದ್ದರೆ ಪ್ಯಾಕೆಟ್ ಹಿಂದೆ ಅದಕ್ಕೆ ಅಂತ ಬರೆದಷ್ಟೇ ಹೆಚ್ಚಿಗೆ ಹಾಕಿ, ಕೈ ಬಂದಷ್ಟು ಸುರಿಯಬೇಡಿ.

ಮೆಷಿನ್ ಮನೆಗೆ ಬಂದ ದಿನ ಎದುರಿಗೇ ನಿಂತು ನೋಡಬೇಕಾದ್ದು ಒಂದಿದೆ. ಫ್ರಂಟ್ ಲೋಡಿನ ಬೆನ್ನಿಗೆ ಸಾಗಣೆಯಲ್ಲಿ ಡ್ರಮ್ಮು ಅಲ್ಲಾಡದಿರಲಿ ಅಂತ ಉದ್ದನೆ ಬೋಲ್ಟ್ ಬಿಗಿದಿರುತ್ತಾರೆ. ಅದನ್ನು ಬಿಚ್ಚದೆ ಓಡಿಸಿದರೆ ನೀರು ಹಿಂಡುವಾಗ ಮೆಷಿನ್ ಇಡೀ ಮನೆ ನಡುಗಿಸುತ್ತದೆ, ಒಳಗಿನ ಭಾಗಗಳೂ ಕೆಡುತ್ತವೆ. ಬಿಚ್ಚಿದ ಬೋಲ್ಟ್ ಎಸೆಯಬೇಡಿ, ಮನೆ ಬದಲಾಯಿಸುವಾಗ ಬೇಕು. ಹದಿನಾರು ಆಂಪ್ಸ್ ಪಾಯಿಂಟು, ಅರ್ಥಿಂಗ್ ಎರಡನ್ನೂ ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ನೋಡಿಸಿ.

ಬಾಗಿಲ ಸುತ್ತಲಿನ ರಬ್ಬರನ್ನು ಒಗೆದಾದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಬಾಗಿಲು ಸ್ವಲ್ಪ ತೆರೆದಿಡಿ. ಮುಚ್ಚಿಟ್ಟರೆ ಮಡಿಕೆಯೊಳಗೆ ಕಪ್ಪು ಬೂಸ್ಟು ಬಂದು ಬಟ್ಟೆಯೆಲ್ಲ ಮುಗ್ಗಲು ವಾಸನೆ. ಕೆಳಗಡೆ ಮೂಲೆಯಲ್ಲಿರುವ ಸಣ್ಣ ಮುಚ್ಚಳ ತೆಗೆದರೆ ಫಿಲ್ಟರ್ ಸಿಗುತ್ತದೆ. ತಟ್ಟೆ ಇಟ್ಟುಕೊಂಡು, ಪಕ್ಕದ ಸಣ್ಣ ಪೈಪಿಂದ ನಿಂತ ನೀರು ಬಿಟ್ಟು, ಆಮೇಲೆ ತಿರುಗಿಸಿ. ನಮ್ಮದರಲ್ಲಿ ಹೋದ ಸಲ ಸಿಕ್ಕಿದ್ದು: ಬ್ಲೌಸಿನ ಹುಕ್ಕು, ಎರಡು ರೂಪಾಯಿ ನಾಣ್ಯ, ಹೇರ್ ಪಿನ್ನು, ಚನ್ನಗಿರಿಯ ಮಾವ ಬಂದು ಹೋದ ಗುರುತಿಗೆ ನೆನೆದು ಉಬ್ಬಿದ ಅಡಿಕೆ ಹೋಳು, ಅವೆಲ್ಲವನ್ನೂ ಸುತ್ತಿಕೊಂಡಿದ್ದ ಕೂದಲು ಮತ್ತು ಲೋಳೆ. ನೀರು ಹೊರಗೆ ಹೋಗುತ್ತಿಲ್ಲ ಅಂತ ಎರರ್ ಬಂದಾಗ ಮೊದಲು ನೋಡಬೇಕಾದ ಜಾಗ ಇದೇ.

ನೀರು ಒಳಗೆ ಬರುತ್ತಿಲ್ಲ ಅಂದರೆ ನಲ್ಲಿ ಬಂದ್ ಮಾಡಿ ಹಿಂದಿನ ಪೈಪ್ ಬಿಚ್ಚಿ. ಮೆಷಿನ್ ಕಡೆ ಬಾಯಲ್ಲಿ ಬೆರಳುಗುರಿನಷ್ಟು ಸಣ್ಣ ಜಾಲರಿ ಇರುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ಬಂದ ವಾರ, ಟ್ಯಾಂಕ್ ತೊಳೆಸಿದ ಮರುದಿನ ಅದು ಮಣ್ಣಿಂದ ಮುಚ್ಚಿ ಹೋಗಿರುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು, ಹಳೆ ಬ್ರಷ್‌ನಲ್ಲಿ ಉಜ್ಜಿ ವಾಪಸ್ ಹಾಕಿ. ಅಷ್ಟಾದ ಮೇಲೂ ನೀರು ಬರದಿದ್ದರೆ ಮಾತ್ರ ಸರ್ವಿಸ್‌ನವರಿಗೆ ಫೋನ್ ಮಾಡಿ.