ಮುಳ್ಳು ತಿರುಗಿಸಿದರೆ ಬರೀ ಶ್ಶ್ ಸದ್ದು

ಅಮ್ಮನ ಹಳೇ ರೇಡಿಯೊದ ಕೆಂಪು ಮುಳ್ಳನ್ನು ಮೊನ್ನೆ 88ರಿಂದ 108ರವರೆಗೆ ನಿಧಾನಕ್ಕೆ ತಿರುಗಿಸಿದೆ. ನಮ್ಮ ತಾಲ್ಲೂಕಿನಲ್ಲಿ ಆಕಾಶವಾಣಿ ಒಂದು ಸಿಕ್ಕಿತು, ಉಳಿದ ಕಡೆಯೆಲ್ಲ ಶ್ಶ್ ಅನ್ನೋ ಸದ್ದು. ಇಷ್ಟೊಂದು ಜಾಗ ಸುಮ್ನೆ ಖಾಲಿ ಬಿದ್ದಿದೆ.

ದನಿಯನ್ನು ಹೊತ್ತು ತರುವ ಈ ರೇಡಿಯೊ ತರಂಗಗಳು ಜನರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕ್ರಿಕೆಟ್ ಪಂದ್ಯವನ್ನು ಯಾರು ಪ್ರಸಾರ ಮಾಡಬೇಕು ಅನ್ನೋ ಜಗಳದಲ್ಲಿ ಬಂದ ತೀರ್ಪು ಅದು. ಆದರೆ ಖಾಸಗಿ ಎಫ್‌ಎಂ ಫ್ರೀಕ್ವೆನ್ಸಿಗಳನ್ನು, ಅಂದರೆ ಮುಳ್ಳಿನ ಸಾಲಿನಲ್ಲಿ ಒಂದೊಂದು ಸ್ಟೇಷನ್ನಿಗೆ ಸಿಗುವ ಜಾಗವನ್ನು, ಸರ್ಕಾರ ಹಂಚುವುದು ಹರಾಜಿನಲ್ಲಿ. 2016ರ ಸುತ್ತಿನಲ್ಲಿ 266 ಚಾನೆಲ್ ಹರಾಜಿಗಿಟ್ಟರೆ ಹೋಗಿದ್ದು ಬರೀ 66! ಸಣ್ಣ ಊರಲ್ಲಿ ಜಾಹೀರಾತಿನ ದುಡ್ಡು ಕಡಿಮೆ, ಅಷ್ಟು ಬೆಲೆ ಕೊಟ್ಟು ಯಾರು ಕೊಳ್ಳುತ್ತಾರೆ? ಹೋಗದೆ ಉಳಿದಿದ್ದನ್ನು ಊರಿನವರಿಗೇ ಕೊಡಬಹುದಲ್ವಾ?

ನನಗೆ ಕೋಲಾರ ಜಿಲ್ಲೆಯ ಬೂದಿಕೋಟೆ ನೆನಪಾಗುತ್ತದೆ. ಅಲ್ಲಿ 'ನಮ್ಮ ಧ್ವನಿ' ಅನ್ನೋ ಊರಿನವರದೇ ರೇಡಿಯೊ ಶುರುವಾದಾಗ ಹಳ್ಳಿಯ ಜನ ರೇಡಿಯೊ ನಡೆಸಲು ಲೈಸೆನ್ಸ್ ಕೊಡುವ ನಿಯಮವೇ ಇರಲಿಲ್ಲ. ಹಾಗಂತ ಅವರು ಕೈಕಟ್ಟಿ ಕೂರಲಿಲ್ಲ. ಕಾರ್ಯಕ್ರಮಗಳನ್ನು ತಾವೇ ಮಾಡಿ, ಟಿವಿ ಕೇಬಲ್ಲಿನಲ್ಲಿ ಮನೆಮನೆಗೆ ಮುಟ್ಟಿಸಿದರು. ತಲೆ ಮೇಲೆ ಗಾಳಿ ಖಾಲಿ ಇದ್ದರೂ ತಮ್ಮ ಮಾತನ್ನು ತಂತಿಯಲ್ಲಿ ಕಳಿಸಬೇಕಾದ ಸ್ಥಿತಿ! ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೊ, ಅಂದರೆ ಊರಿನವರಿಗಾಗಿ ಊರಿನವರೇ ನಡೆಸುವ ಪುಟ್ಟ ರೇಡಿಯೊ, ನಡೆಸಲು ದಾರಿಯಾಗಿದ್ದು 2006ರ ನವೆಂಬರಿನಲ್ಲಿ.

ಈಗಲೂ ಅದು ಸುಲಭವಿಲ್ಲ. ಸುತ್ತ ಹತ್ತು ಹನ್ನೆರಡು ಕಿಲೋಮೀಟರ್ ಕೇಳಿಸುವ ಪುಟ್ಟ ಸ್ಟೇಷನ್ನಿಗೂ ದೆಹಲಿಯಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಒಪ್ಪಿಗೆ ಬೇಕು, ಆಮೇಲೆ ದೂರಸಂಪರ್ಕ ಇಲಾಖೆಯಿಂದ ಫ್ರೀಕ್ವೆನ್ಸಿ ಬೇಕು, ಇಷ್ಟೆಲ್ಲ ದಾಟಿ ಬಂದರೂ ಸ್ವಂತವಾಗಿ ಸುದ್ದಿ ಓದುವಂತಿಲ್ಲ. ಟಿವಿಯಲ್ಲಿ ಇಡೀ ದಿನ ಸುದ್ದಿ ಬಿತ್ತರಿಸಬಹುದು, ಆದರೆ ನಮ್ಮೂರ ಪಂಚಾಯಿತಿ ಸಭೆಯಲ್ಲಿ ಏನಾಯ್ತು ಅಂತ ನಮ್ಮೂರ ರೇಡಿಯೊ ಸುದ್ದಿ ಮಾಡುವಂತಿಲ್ಲ. ಇದನ್ನು ನಾನು ಒಪ್ಪಲಾರೆ.

ಫ್ರೀಕ್ವೆನ್ಸಿ ಹಂಚಿಕೆಗೆ ಲೆಕ್ಕಾಚಾರ ಬೇಕು, ನಿಜ. ಎರಡು ಸ್ಟೇಷನ್‌ಗಳನ್ನು ತೀರಾ ಅಕ್ಕಪಕ್ಕ ಇಟ್ಟರೆ ಒಂದರ ದನಿ ಇನ್ನೊಂದರ ಮೇಲೆ ಬೀಳುತ್ತದೆ. ಬೆಂಗಳೂರಿನಲ್ಲಿ ಜಾಗ ಇಕ್ಕಟ್ಟು ಅಂದರೆ ನಂಬುತ್ತೇನೆ. ನಾನು ಕೇಳುತ್ತಿರುವುದು ತಾಲ್ಲೂಕುಗಳ ಬಗ್ಗೆ. ಯಾವ ಊರಲ್ಲಿ ಯಾವ ಫ್ರೀಕ್ವೆನ್ಸಿ ಖಾಲಿ ಇದೆ ಅಂತ ಕನ್ನಡದಲ್ಲಿ ಪಟ್ಟಿ ಹಾಕಲಿ. ಹರಾಜಿನಲ್ಲಿ ಎರಡು ಸಲ ಹೋಗದ ಫ್ರೀಕ್ವೆನ್ಸಿ ತಾನಾಗಿಯೇ ಸಮುದಾಯ ರೇಡಿಯೊ ಪಾಲಿಗೆ ಬರಲಿ. ಅರ್ಜಿಗೆ ಆರು ತಿಂಗಳೊಳಗೆ ಉತ್ತರ ಕೊಡಲಿ, ಇಲ್ಲ ಅನ್ನೋದಾದರೆ ಕಾರಣ ಬರೆದು ತಿಳಿಸಲಿ.

ನಮ್ಮೂರ ಸ್ವಸಹಾಯ ಸಂಘದ ಹೆಂಗಸರಿಗೆ ಇದನ್ನೆಲ್ಲ ಹೇಳಿದಾಗ ಅವರು ಮೊದಲು ಕೇಳಿದ್ದು, "ಅರ್ಜಿ ಎಲ್ಲಿ ಸಿಗುತ್ತೆ?" ಅಂತ.