ನಿಮಗೆ ಅಂತ ಟೈಮ್ ಎಲ್ಲಿ ಸಿಗುತ್ತೆ?

ಆಫೀಸು, ಇಬ್ಬರು ಮಕ್ಕಳು, ಅತ್ತೆ, ಮಲ್ಲಂದೂರು ಕಡೆ ಎರಡು ಎಕರೆ ಕಾಫಿ ತೋಟ. ಇಷ್ಟರ ನಡುವೆ ನಿಮಗೆ ಅಂತ ಟೈಮ್ ಎಲ್ಲಿ ಸಿಗುತ್ತೆ? ಮನೆ ಬಿಟ್ಟು ಬಂದೆ ಅಂತ ಮನಸ್ಸಿಗೆ ಚುಚ್ಚಲ್ವಾ? ಸಂಜೆ ಚಿಕ್ಕಮಗಳೂರಿನ ರತ್ನಗಿರಿ ಬೋರೆ ಅನ್ನುವ ಗುಡ್ಡದಲ್ಲಿ ನಾನು ಒಬ್ಬಳೇ ಕೂತಿರುವುದನ್ನು ಕಂಡವರೆಲ್ಲ ಇದನ್ನೇ ಕೇಳುತ್ತಾರೆ. ಕೇಳುವವರು ಹೆಚ್ಚಾಗಿ ಹೆಂಗಸರೇ.

ಚುಚ್ಚುತ್ತಿತ್ತು. ಮೊದಲೆಲ್ಲ ಸುಳ್ಳು ಹೇಳಿ ಹೋಗುತ್ತಿದ್ದೆ. "ಸೊಪ್ಪು ತರ್ತೀನಿ ಅತ್ತೆ" ಅಂತ ಚೀಲ ಹಿಡಿದು ಹೊರಟು, ಬೋರೆ ಹತ್ತಿ ಕಾಲು ಗಂಟೆ ಕೂತು, ಆಮೇಲೆ ಓಡೋಡಿ ಸೊಪ್ಪು ಕೊಂಡು ಬರುತ್ತಿದ್ದೆ. ಎದುರಿಗೆ ಮುಳ್ಳಯ್ಯನಗಿರಿ ಸಾಲು, ಅದರ ಮೇಲೆ ಮೋಡ. ನನ್ನ ಕಣ್ಣು ಮಾತ್ರ ಮೊಬೈಲಿನ ಗಡಿಯಾರದ ಮೇಲೆ. ಮನೆಗೆ ಬಂದು ಎರಡು ಕೆಲಸ ಜಾಸ್ತಿ ಮಾಡಿದರೇನೇ ಸಮಾಧಾನ. ಕದ್ದು ಕೂತರೆ ಕಳ್ಳತನ ಮಾಡಿದ ಹಾಗೇ ಅನ್ನಿಸುತ್ತದೆ, ಅಲ್ವಾ?

ಒಂದು ದಿನ ಬಾಯಿಬಿಟ್ಟು ಹೇಳಿದೆ. "ಅತ್ತೆ, ದಿನಾ ಐದೂವರೆಯಿಂದ ಆರೂಕಾಲರವರೆಗೆ ನಾನು ಬೋರೇಲಿ ಇರ್ತೀನಿ. ಸುಮ್ನೆ ಕೂತಿರ್ತೀನಿ."

"ಕಾಫಿ ಕುಡ್ಕೊಂಡು ಹೋಗು" ಅಂದರು. ಅಷ್ಟೇ. ಎಷ್ಟು ವರ್ಷ ಸುಮ್ಮನೆ ಹೆದರಿದ್ದೆ!

ಕೆಲಸ ಮುಗಿದ ಮೇಲೆ ಕೂರೋಣ ಅಂದರೆ ಕೆಲಸ ಮುಗಿಯುವುದೇ ಇಲ್ಲ. ಹೊತ್ತು ಮೊದಲೇ ತೆಗೆದಿಡಬೇಕು, ಮನೆಯವರಿಗೆ ಹೇಳಿಯೇ ಇಡಬೇಕು.

ಕೊಯ್ಲಿನಲ್ಲಿ ಇದು ನಡೆಯಲ್ಲ. ನವೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತದೆ, ರೊಬಸ್ಟಾ ಮುಗಿಯುವಾಗ ಫೆಬ್ರವರಿ. ರಜೆಯ ದಿನವೂ ತೋಟದಲ್ಲೇ. ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ಗುಡ್ಡೆ ಮಾಡಿ, ಇಬ್ಬನಿ ತಾಗದ ಹಾಗೆ ಟಾರ್ಪಾಲು ಮುಚ್ಚಿ, ಅದರ ಪಕ್ಕದಲ್ಲೇ ಹತ್ತು ನಿಮಿಷ ಕೂರುತ್ತೇನೆ. ಹತ್ತು ನಿಮಿಷ ಸಾಕು ಅಂತ ನಾನು ಹೇಳಲ್ಲ, ಸಾಲದು. ಆದರೆ ಅದನ್ನೂ ಬಿಟ್ಟ ರಾತ್ರಿ ಮಕ್ಕಳ ಮೇಲೆ ರೇಗುತ್ತೇನೆ. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬರುವ ಹೊತ್ತಿಗೆ ಮತ್ತೆ ಬೋರೆ.

ನಾನು ಹೇಳಿಕೊಂಡ ಮೇಲೆ ಅತ್ತೆಯೂ ಹೇಳಿಕೊಂಡರು. ಅವರಿಗೂ ಒಂದು ದಿನ ಬೇಕಿತ್ತಂತೆ, ಕೇಳಲು ಸಂಕೋಚವಂತೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯಿತಲ್ಲ, ಆಗಿನಿಂದ ತಿಂಗಳಿಗೊಮ್ಮೆ ನಮ್ಮ ಬೀದಿಯ ಗೆಳತಿಯರ ಜೊತೆ ಬೇಲೂರಿಗೆ ಹೋಗುತ್ತಾರೆ. ಚೆನ್ನಕೇಶವನ ದರ್ಶನ ಮಾಡಿ, ಗುಡಿಯ ಅಂಗಳದಲ್ಲಿ ಕೂತು ಹರಟೆ ಹೊಡೆದು ಬರುತ್ತಾರೆ. ಅವತ್ತು ನಾನು ಬೋರೆಗೆ ಹೋಗುವುದಿಲ್ಲ. ಅವರು ಹೊರಡುವಾಗ "ಎಷ್ಟೊತ್ತಿಗೆ ಬರ್ತೀರಿ?" ಅಂತ ಕೇಳುವುದೂ ಇಲ್ಲ.